ಬೇಸಗೆಯ ಹೊಳೆಗೆ ನೀರೆಲ್ಲಿಂದ?

ಚೈತ್ರಮಾಸದಲ್ಲಿ ಶೃಂಗೇರಿಗೆ ಹೋದವರು ತುಂಗೆಯ ಮೆಟ್ಟಿಲುಗಳ ಮೇಲೆ ಕುಳಿತು ಮೀನುಗಳಿಗೆ ಮಂಡಕ್ಕಿ ಎಸೆಯುತ್ತಾರೆ. ನೀರು ತಿಳಿಯಾಗಿ, ತಣ್ಣಗೆ, ಸದ್ದಿಲ್ಲದೆ ಹರಿಯುತ್ತಿರುತ್ತದೆ. ನೋಡುವುದಕ್ಕೆ ಅದೆಷ್ಟು ಸಹಜವಾಗಿ ತೋರುತ್ತದೆಂದರೆ, ಅಲ್ಲೊಂದು ಪ್ರಶ್ನೆ ಅಡಗಿದೆಯೆಂಬುದು ಯಾರಿಗೂ ಹೊಳೆಯುವುದಿಲ್ಲ. ಮಲೆನಾಡಿನಲ್ಲಿ ದೊಡ್ಡ ಮಳೆ ನಿಂತು ಆಗಲೇ ಐದಾರು ತಿಂಗಳಾಗಿರುತ್ತದೆ. ಗಂಗೆ ಯಮುನೆಯರಿಗಿರುವಂತೆ ತುಂಗೆಯ ತಲೆಯ ಮೇಲೆ ಹಿಮದ ಗಂಟಿಲ್ಲ. ಗಂಗಾಮೂಲದ ಕಾಡಿನಲ್ಲಿ ತೂಬೆತ್ತಿ ನೀರು ಬಿಡುವ ನೀರಗಂಟಿಯೂ ಇಲ್ಲ. ಆಷಾಢದಲ್ಲಿ ಗುಡ್ಡದ ಮೇಲಿಂದ ಇಳಿದ ಕೆಂಪುನೀರು ಎಂದೋ ಬಯಲುಸೀಮೆಯನ್ನು ದಾಟಿ ಸಮುದ್ರದ ದಾರಿ ಹಿಡಿದಾಯಿತು. ಹಾಗಾದರೆ ಈಗ ನಮ್ಮ ಕಾಲು ತೊಳೆಯುತ್ತಿರುವ ಈ ನೀರು ಎಲ್ಲಿಯದು?

ಈ ಪ್ರಶ್ನೆಗೆ ಸರಿಯಾದ ಉತ್ತರ ದೊರೆತು ಇನ್ನೂ ಮುನ್ನೂರೈವತ್ತು ವರ್ಷವಾಗಿಲ್ಲವೆಂದರೆ ಆಶ್ಚರ್ಯವಾದೀತು. ಗ್ರಹಗಳ ಗತಿಯನ್ನು ಲೆಕ್ಕ ಹಾಕಿದ ಮೇಲೆ ಮನುಷ್ಯ ತನ್ನ ಊರ ಹೊಳೆಯ ಲೆಕ್ಕಕ್ಕೆ ಕೈಹಾಕಿದ.

ಹಿಂದಿನವರು ಯೋಚಿಸಿರಲಿಲ್ಲವೆಂದಲ್ಲ. ರೋಮಿನ ಸೆನೆಕ ತಾನು ದ್ರಾಕ್ಷಿತೋಟದಲ್ಲಿ ಶ್ರದ್ಧೆಯಿಂದ ಅಗೆದವನೆಂದು ಹೇಳಿಕೊಂಡು, ಎಂಥ ಮಳೆಯೇ ಬರಲಿ, ನೆಲ ಹತ್ತು ಅಡಿಗಿಂತ ಕೆಳಗೆ ನೆನೆಯುವುದಿಲ್ಲವೆಂದು ತೀರ್ಮಾನ ಕೊಟ್ಟ. ಮಳೆ ಕೆಳಗಿಳಿಯದಿದ್ದ ಮೇಲೆ ಊಟೆಗಳಿಗೆ ಬೇರೆ ಮೂಲ ಬೇಕಲ್ಲವೇ? ಸಮುದ್ರದ ನೀರು ಭೂಗರ್ಭದ ಸುರಂಗಗಳಲ್ಲಿ ಹಾದು, ಉಪ್ಪನ್ನು ದಾರಿಯಲ್ಲಿ ಕಳೆದುಕೊಂಡು, ಬೆಟ್ಟದ ತುದಿಗೇರಿ ಹೊಳೆಯಾಗಿ ಇಳಿಯುತ್ತದೆಂದು ಯೂರೋಪಿನ ಪಂಡಿತರು ಬಹುಕಾಲ ನಂಬಿದರು. ೧೬೬೫ರಷ್ಟು ಈಚೆಗೆ ಕಿರ್ಖರ್ ಎಂಬ ಪಾದ್ರಿ ಈ ಸುರಂಗಗಳ ಸೊಗಸಾದ ಚಿತ್ರಗಳನ್ನೇ ಅಚ್ಚು ಹಾಕಿಸಿದ. ನೀರು ತಾನಾಗಿಯೇ ಬೆಟ್ಟ ಹತ್ತುವುದು ಹೇಗೆಂದು ಕೇಳಿದವರಿಗೆ ಸಮಾಧಾನದ ಉತ್ತರ ಮಾತ್ರ ಸಿಕ್ಕಲಿಲ್ಲ.

ನಮ್ಮಲ್ಲಿ ವರಾಹಮಿಹಿರ ಆರನೆಯ ಶತಮಾನದಲ್ಲಿ ಬೇರೊಂದು ದಾರಿ ಹಿಡಿದಿದ್ದ. ಅವನ ಬೃಹತ್ಸಂಹಿತೆಯಲ್ಲಿ ನೆಲದ ನೀರನ್ನು ಹುಡುಕುವುದಕ್ಕೆಂದೇ ಒಂದು ಅಧ್ಯಾಯವಿದೆ. ಮೈಯಲ್ಲಿ ನರಗಳಿರುವಂತೆ ಭೂಮಿಯಲ್ಲಿ ನೀರಿನ ಸಿರಗಳು ಮೇಲೂ ಕೆಳಗೂ ಹರಿದಿವೆಯೆಂಬುದು ಅವನ ಮತ. ನೇರಳೆ ಮರದ ಪಕ್ಕದಲ್ಲಿ ಹುತ್ತವಿದ್ದರೆ ಯಾವ ದಿಕ್ಕಿನಲ್ಲಿ ಅಗೆಯಬೇಕು, ಎಷ್ಟು ಆಳಕ್ಕೆ ಏನು ಸಿಕ್ಕೀತು ಎಂದು ಒಂದೊಂದಾಗಿ ಹೇಳುತ್ತಾನೆ. ಅದರಲ್ಲಿ ಎಲ್ಲವೂ ಪರೀಕ್ಷೆಗೆ ನಿಲ್ಲುತ್ತದೆಂದು ನಾನು ವಾದಿಸುವುದಿಲ್ಲ. ಆದರೆ ಕಣ್ಣಿಗೆ ಕಾಣುವ ಗಿಡಮರಕ್ಕೂ ಕಾಣದ ನೀರಿಗೂ ನಂಟುಂಟೆಂದು ಗಮನಿಸಿದ್ದು ಸಣ್ಣ ಮಾತಲ್ಲ. ಬಾವಿ ತೋಡಿಸುವವರು ಇವತ್ತಿಗೂ ‘ಸೆಲೆ’ ಸಿಕ್ಕಿತೇ ಎಂದೇ ಕೇಳುತ್ತಾರೆ.

೧೫೮೦ರಲ್ಲಿ ಫ್ರಾನ್ಸಿನ ಒಬ್ಬ ಕುಂಬಾರ, ಪಲಿಸಿ ಎಂಬುವನು, ಊಟೆಗಳ ನೀರೆಲ್ಲ ಮಳೆಯ ನೀರೇ ಎಂದು ಪುಸ್ತಕ ಬರೆದ. ಮಣ್ಣು ತುಳಿದ ಕೈಕಾಲಿನವನಿಗೆ ಪಂಡಿತರಿಗಿಂತ ಚೆನ್ನಾಗಿ ಮಣ್ಣಿನ ಗುಣ ತಿಳಿದಿತ್ತು. ಆದರೆ ಕುಂಬಾರನ ಮಾತನ್ನು ಯಾರು ಕೇಳುತ್ತಾರೆ? ಕೇಳಿಸಬೇಕಾದರೆ ಅಂಕಿ ಬೇಕಾಗಿತ್ತು.

ಅಂಕಿ ಕೊಟ್ಟವನು ವಿಜ್ಞಾನಿಯಲ್ಲ, ಕೆಲಸ ಕಳೆದುಕೊಂಡ ಒಬ್ಬ ಕಂದಾಯದ ಅಧಿಕಾರಿ. ಪಿಯರ್ ಪೆರೋ ಎಂದು ಅವನ ಹೆಸರು. ಸಿಂಡರೆಲ್ಲಾ ಕಥೆಯನ್ನು ಬರೆದ ಶಾರ್ಲ್ ಪೆರೋ ಇವನ ತಮ್ಮ. ಸಾಲಗಾರರ ಕಾಟ ತಾಳಲಾರದೆ ಸರಕಾರದ ವಸೂಲಿ ಹಣಕ್ಕೆ ಕೈಹಾಕಿ, ಮಂತ್ರಿ ಕೋಲ್ಬೇರನ ಸಿಟ್ಟಿಗೆ ಗುರಿಯಾಗಿ ಮನೆ ಸೇರಿದವನು. ಜಮಾಖರ್ಚಿನ ಅಭ್ಯಾಸ ಮಾತ್ರ ಬಿಟ್ಟುಹೋಗಲಿಲ್ಲವೆಂದು ಕಾಣುತ್ತದೆ. ಸೇನ್ ನದಿಯ ಉಗಮದಿಂದ ಕೆಲವು ಹರದಾರಿಯವರೆಗಿನ ಸೀಮೆಯನ್ನು ಅವನು ಒಂದು ಖಾತೆಯಂತೆ ತೆಗೆದುಕೊಂಡ. ಮೂರು ವರ್ಷಗಳ ಮಳೆಯ ಸರಾಸರಿ ಹಿಡಿದು ಅಷ್ಟು ನೆಲದ ಮೇಲೆ ಬಿದ್ದ ನೀರೆಲ್ಲವನ್ನೂ ಜಮಾ ಬರೆದ. ಆ ಭಾಗದಿಂದ ನದಿಯಲ್ಲಿ ಹರಿದುಹೋದ ನೀರನ್ನು ಖರ್ಚು ಬರೆದ. ಬಿದ್ದದ್ದು ಹರಿದದ್ದರ ಆರು ಪಾಲಿನಷ್ಟಾಯಿತು! ಸಮುದ್ರದ ಸುರಂಗವೂ ಬೇಡ, ಭೂಗರ್ಭದ ಭಟ್ಟಿಯೂ ಬೇಡ. ಒಂದು ನದಿಯನ್ನು ನಡೆಸುವುದಕ್ಕೆ ಮಳೆ ಸಾಕು, ಸಾಕಾಗಿ ಐದು ಪಾಲು ಮಿಗುತ್ತದೆ. ೧೬೭೪ರಲ್ಲಿ ತನ್ನ ಹೆಸರನ್ನೂ ಹಾಕದೆ ಪೆರೋ ಈ ಲೆಕ್ಕವನ್ನು ಅಚ್ಚು ಮಾಡಿಸಿದ.

ಇದರಲ್ಲೊಂದು ತಮಾಷೆಯುಂಟು. ಇಷ್ಟು ದೊಡ್ಡ ಸತ್ಯವನ್ನು ಕಂಡುಹಿಡಿದ ಪೆರೋವಿಗೂ ಮಳೆನೀರು ಮಣ್ಣಿನೊಳಗೆ ಆಳಕ್ಕೆ ಇಳಿಯುತ್ತದೆಂಬ ನಂಬಿಕೆಯಿರಲಿಲ್ಲ. ಸೆನೆಕನ ದ್ರಾಕ್ಷಿತೋಟ ಹದಿನಾರು ಶತಮಾನಗಳ ಮೇಲೂ ಅವನನ್ನು ಬಿಡಲಿಲ್ಲ. ಆ ಗಂಟನ್ನು ಬಿಡಿಸಿದವನು ಮಾರಿಯೋಟ್. ಅವನು ಪ್ಯಾರಿಸಿನಲ್ಲಿ ಸೇನ್ ನದಿಯ ಮೇಲೆ ತೇಲುವ ವಸ್ತುಗಳನ್ನು ಬಿಟ್ಟು ವೇಗ ಅಳೆದು, ನದಿಯ ನೀರು ಮಳೆಯ ಆರನೆಯ ಒಂದು ಪಾಲನ್ನೂ ಮುಟ್ಟುವುದಿಲ್ಲವೆಂದು ತೋರಿಸಿದ್ದಲ್ಲದೆ, ಅಲ್ಲಿಯ ವೀಕ್ಷಣಾಲಯದ ನೆಲಮಾಳಿಗೆಯಲ್ಲಿ ಜಿನುಗುವ ನೀರನ್ನು ಗಮನಿಸಿದ. ಮೇಲೆ ಮಳೆಯಾದಾಗ ಕೆಳಗೆ ಜಿನುಗು ಹೆಚ್ಚುತ್ತಿತ್ತು. ಮೇಲೆ ಒಣಗಿದರೆ ಕೆಳಗೂ ಕುಗ್ಗುತ್ತಿತ್ತು. ನಕ್ಷತ್ರ ನೋಡಲು ಕಟ್ಟಿದ ಮನೆಯ ನೆಲಮಾಳಿಗೆಯಲ್ಲಿ ಹೊಳೆಯ ಗುಟ್ಟು ಸಿಕ್ಕಿತು. ಅವನು ತೀರಿಕೊಂಡ ಎರಡು ವರ್ಷಕ್ಕೆ, ೧೬೮೬ರಲ್ಲಿ, ಈ ಬರಹ ಪ್ರಕಟವಾಯಿತು. ಅದರ ಮರುವರ್ಷ ಇಂಗ್ಲೆಂಡಿನ ಹ್ಯಾಲಿ—ಧೂಮಕೇತುವಿನ ಹ್ಯಾಲಿಯೇ—ಉಪ್ಪುನೀರಿನ ತಟ್ಟೆಯೊಂದನ್ನು ತೂಗಿ, ಸಮುದ್ರದಿಂದ ಆವಿಯಾಗಿ ಏಳುವ ನೀರು ನದಿಗಳಿಗೆ ಧಾರಾಳವಾಗಿ ಸಾಲುತ್ತದೆಂದು ಲೆಕ್ಕ ಕೊಟ್ಟ. ಚಕ್ರ ಪೂರ್ತಿಯಾಯಿತು.

ಇನ್ನು ಆ ಮಿಕ್ಕ ಐದು ಪಾಲು ಏನಾಯಿತು? ನಮ್ಮ ಅನ್ನದ ಪ್ರಶ್ನೆ ಇರುವುದು ಅಲ್ಲಿ.

ಇದನ್ನು ತಿಳಿಯಲು ತುಳಸಿಯ ಕುಂಡವೊಂದು ಸಾಕು. ಒಣಗಿದ ಕುಂಡಕ್ಕೆ ಒಂದು ಚೊಂಬು ನೀರು ಹಾಕಿರಿ. ಮೊದಲು ತಳದಿಂದ ಏನೂ ಬರುವುದಿಲ್ಲ. ಇನ್ನೊಂದು ಚೊಂಬು ಹಾಕಿದರೆ ತೊಟ್ಟಿಕ್ಕತೊಡಗುತ್ತದೆ. ಸ್ವಲ್ಪ ಹೊತ್ತಿಗೆ ತೊಟ್ಟಿಕ್ಕುವುದು ನಿಲ್ಲುತ್ತದೆ. ಆದರೆ ಮಣ್ಣು ಒದ್ದೆಯಾಗಿಯೇ ಇರುತ್ತದೆ. ತನ್ನ ಕಣಗಳ ಸುತ್ತ ಹಿಡಿದಿಟ್ಟುಕೊಳ್ಳಬಲ್ಲಷ್ಟು ನೀರನ್ನು ಮಣ್ಣು ಇಟ್ಟುಕೊಂಡು, ಹೆಚ್ಚಿನದನ್ನು ಮಾತ್ರ ಕೆಳಕ್ಕೆ ಬಿಟ್ಟಿತು. ಆ ಉಳಿದ ತೇವಕ್ಕೆ ನಮ್ಮ ರೈತರು ‘ಹದ’ ಎನ್ನುತ್ತಾರೆ. ಬೆಳೆ ಬದುಕುವುದು ಈ ಹದದಿಂದ. ಬಾವಿಯೂ ಹೊಳೆಯೂ ಬದುಕುವುದು ತಳದಿಂದ ತೊಟ್ಟಿಕ್ಕಿದ ಹೆಚ್ಚುವರಿಯಿಂದ. ಮಣ್ಣಿನ ಬಾಯಾರಿಕೆ ತೀರುವವರೆಗೆ ಅಂತರ್ಜಲಕ್ಕೆ ಹನಿಯೂ ದಕ್ಕುವುದಿಲ್ಲ. ವಾರಕ್ಕೊಮ್ಮೆ ಉದುರುವ ಹದಮಳೆ ಪೈರಿಗೆ ಅಮೃತವಾದರೂ ಬಾವಿಯ ನೀರು ಏರದಿರುವುದಕ್ಕೆ ಕಾರಣ ಇದೇ.

ಗಿಡ ಎಷ್ಟು ನೀರು ಕುಡಿಯುತ್ತದೆಂದು ಮೊದಲು ತೂಗಿ ನೋಡಿದವನು ಸ್ಟೀಫನ್ ಹೇಲ್ಸ್ ಎಂಬ ಹಳ್ಳಿಯ ಪಾದ್ರಿ. ೧೭೨೪ರ ಬೇಸಗೆಯಲ್ಲಿ ಅವನು ಮೂರೂವರೆ ಅಡಿ ಎತ್ತರದ ಸೂರ್ಯಕಾಂತಿಯ ಕುಂಡದ ಬಾಯನ್ನು ಸೀಸದ ತಗಡಿನಿಂದ ಮುಚ್ಚಿ ಬೆಳಿಗ್ಗೆ ಸಂಜೆ ತೂಗಿದ. ಹಗಲಿನ ಹನ್ನೆರಡು ಗಂಟೆಯಲ್ಲಿ ಸರಾಸರಿ ೨೦ ಔನ್ಸು ನೀರು ಎಲೆಗಳ ಮೂಲಕ ಗಾಳಿಗೆ ಹೋಗಿತ್ತು. ಒಂದೇ ಒಂದು ಗಿಡ! ಪೆರೋ ಲೆಕ್ಕದ ಐದು ಪಾಲಿನಲ್ಲಿ ಬಹುಭಾಗ ಹೀಗೆ ಎಲೆಗಳಿಂದಲೂ ಬರಿನೆಲದಿಂದಲೂ ಆಕಾಶಕ್ಕೆ ಹಿಂತಿರುಗುತ್ತದೆ. ಅದು ನಷ್ಟವಲ್ಲ, ಹೊಲವೂ ಕಾಡೂ ಅದರಿಂದಲೇ ಆಗಿರುವುದು. ಮಣ್ಣಿನಲ್ಲಿ ನೀರಿದ್ದೂ ಗಿಡ ಬಾಡುವ ಒಂದು ಮಟ್ಟವುಂಟು. ಆಗ ಕಣಗಳ ಹಿಡಿತ ಬೇರಿನ ಎಳೆತವನ್ನು ಮೀರಿರುತ್ತದೆ. ೧೯೧೨ರಲ್ಲಿ ಅಮೆರಿಕದ ಬ್ರಿಗ್ಸ್ ಮತ್ತು ಶಾಂಟ್ಸ್ ಎಂಬಿಬ್ಬರು ಇದನ್ನು ಬೇರೆ ಬೇರೆ ಮಣ್ಣುಗಳಲ್ಲಿ ಅಳೆದರು.

ಆದರೆ ಈ ಹದದ ವಿದ್ಯೆಯಲ್ಲಿ ನಿಜವಾದ ಪಂಡಿತರನ್ನು ಕಾಣಬೇಕಾದರೆ ವಿಜಾಪುರದ ಕಡೆಯ ಎರೆಭೂಮಿಗೆ ಹೋಗಬೇಕು. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು ೨೩–೨೪ ಅಂಗುಲ, ಅದೂ ಒಂದು ವರ್ಷ ಬಂದಂತೆ ಇನ್ನೊಂದು ವರ್ಷ ಬರುವುದಿಲ್ಲ. ಸೆಪ್ಟೆಂಬರಿನಲ್ಲಿ ಒಳ್ಳೆಯ ಮಳೆ ಬಿದ್ದು ನೆಲ ನೆನೆದ ಮೇಲೆ ರೈತ ಕೂರಿಗೆ ಹೂಡಿ ಹಿಂಗಾರಿ ಜೋಳ ಬಿತ್ತುತ್ತಾನೆ. ಆಮೇಲೆ ಆಕಾಶದಿಂದ ಹೆಚ್ಚು ಕಡಿಮೆ ಏನೂ ಬರುವುದಿಲ್ಲ. ಕಾಲುವೆಯಿಲ್ಲ, ಬಾವಿಯಿಲ್ಲ, ಮೋಡವಿಲ್ಲ. ಆದರೂ ಜೋಳ ಎದೆಯುದ್ದ ಬೆಳೆದು, ತೆನೆ ಕಟ್ಟಿ, ಫೆಬ್ರುವರಿ ಮಾರ್ಚಿನಲ್ಲಿ ಕೊಯ್ಲಿಗೆ ಬರುತ್ತದೆ. ಪೇಟೆಯ ನಮಗೆ ಬಿಳಿಯ ಜೋಳದ ರೊಟ್ಟಿಯಾಗಿ ತಟ್ಟೆಗೆ ಬರುವುದು ಕಳೆದ ಭಾದ್ರಪದದ ಮಳೆ. ಆ ಕರಿಮಣ್ಣು ಒಂದು ಅಡಿ ಆಳದಲ್ಲಿ ಗಿಡಕ್ಕೆ ದಕ್ಕುವ ನೀರನ್ನು ಸುಮಾರು ಎರಡು ಅಂಗುಲದಷ್ಟು ಹಿಡಿದಿಡಬಲ್ಲದು. ಮೂರು ನಾಲ್ಕು ಅಡಿ ಮಣ್ಣಿರುವ ಹೊಲವೆಂದರೆ ಮುಚ್ಚಳವಿಲ್ಲದ ಕಣಜದ ಹಾಗೆ.

ಮುಚ್ಚಳವಿಲ್ಲದಿರುವುದೇ ತೊಂದರೆ. ಎರೆಮಣ್ಣು ಒಣಗುತ್ತ ಬಿರಿಯುತ್ತದೆ. ಕಾಲು ಸಿಕ್ಕಿಕೊಳ್ಳುವಂಥ ಬಿರುಕುಗಳು. ಅವುಗಳ ಮೂಲಕ ಕೆಳಗಿನ ತೇವವೆಲ್ಲ ಗಾಳಿಗೆ ಹಾರಿಹೋಗುತ್ತದೆ. ಅದಕ್ಕೇ ರೈತ ಸಾಲುಗಳ ನಡುವೆ ಮತ್ತೆ ಮತ್ತೆ ಎಡೆ ಹೊಡೆದು, ಮೇಲಿನ ಮಣ್ಣನ್ನು ಪುಡಿಮಾಡಿ ಬಿರುಕು ಮುಚ್ಚುತ್ತಾನೆ. ನೋಡುವವರಿಗೆ ಕಳೆ ತೆಗೆದಂತೆ; ಅವನು ಮಾಡುತ್ತಿರುವುದು ಕಣಜಕ್ಕೆ ಮುಚ್ಚಳ ಹಾಕುವ ಕೆಲಸ.

೧೯೩೩–೩೫ರ ಅವಧಿಯಲ್ಲಿ ದೆಹಲಿಯ ಕೃಷಿ ಸಂಶೋಧನ ಮಂಡಲಿಯವರು ಒಣಬೇಸಾಯದ ಶೋಧನೆಗೆ ಐದು ಕೇಂದ್ರಗಳನ್ನು ತೆರೆದರು: ಸೊಲ್ಲಾಪುರ, ವಿಜಾಪುರ, ರಾಯಚೂರು, ಹಗರಿ, ರೋಹ್ಟಕ್. ಐದರಲ್ಲಿ ಮೂರು ಕನ್ನಡ ನೆಲದವು. ಆದರೆ ಆಗ ವಿಜಾಪುರ ಮುಂಬಯಿಗೆ, ರಾಯಚೂರು ನಿಜಾಮನಿಗೆ, ಬಳ್ಳಾರಿಯ ಹಗರಿ ಮದರಾಸಿಗೆ ಸೇರಿದ್ದವು. ಒಂದೇ ಮಣ್ಣು, ಒಂದೇ ಜೋಳ, ಒಂದೇ ಮಾತು; ವರದಿ ಹೋಗುತ್ತಿದ್ದದ್ದು ಮೂರು ರಾಜಧಾನಿಗಳಿಗೆ. ಸಾಲುಗಳ ನಡುವೆ ಹೆಚ್ಚು ಅಂತರ ಬಿಡುವುದು, ಬೀಜ ಕಡಿಮೆ ಹಾಕುವುದು, ಹೊಲಕ್ಕೆ ಬದು ಕಟ್ಟಿ ಮಳೆಯನ್ನು ಬಿದ್ದಲ್ಲೇ ತಡೆಯುವುದು, ಎಡೆ ಹೊಡೆಯುವುದು, ಇವೇ ಅವರ ಮುಖ್ಯ ಸಲಹೆಗಳಾದವು. ಸೊಲ್ಲಾಪುರದ ಕೆಲಸ ನಡೆಸಿದ ಎನ್. ವಿ. ಕಾನಿಟ್ಕರರು ೧೯೪೪ರಲ್ಲಿ ಒಣಬೇಸಾಯದ ಮೇಲೆ ಗ್ರಂಥವನ್ನೇ ಬರೆದರು. ಅದರಲ್ಲಿ ಎಷ್ಟೋ ಸಂಗತಿಗಳನ್ನು ಎರೆಸೀಮೆಯ ರೈತ ಮೊದಲೇ ಬಲ್ಲ. ಆದರೆ ಹದವನ್ನು ಅಳೆದು ಅಂಕಿಯಲ್ಲಿ ತೋರಿಸಿದ್ದು ದೊಡ್ಡ ಉಪಕಾರ. ಆ ದಶಕದಲ್ಲೇ ಮೊಹೋಳದ ಕೇಂದ್ರದಲ್ಲಿ ಮಾಲದಂಡಿ ಜೋಳದಿಂದ ಆಯ್ದ ಎಂ ೩೫–೧ ಎಂಬ ತಳಿ ಇಂದಿಗೂ ಹಿಂಗಾರಿಯ ಹೊಲಗಳಲ್ಲಿ ನಿಂತಿದೆ.

ಈಗ ಕುಂಡದ ತಳಕ್ಕೆ ಬರೋಣ. ಮಣ್ಣು ಬಿಟ್ಟುಕೊಟ್ಟ ನೀರು ಕೆಳಗಿಳಿದು, ಕಲ್ಲಿನ ಸಂದು, ಮರಳಿನ ಪದರಗಳನ್ನು ತುಂಬಿ, ಇಳಿಜಾರಿನ ಕಡೆಗೆ ಸರಿಯುತ್ತದೆ. ಎಷ್ಟು ವೇಗವಾಗಿ? ಇದನ್ನು ಅಳೆದವನು ಫ್ರಾನ್ಸಿನ ದಿಜೋಂ ಪಟ್ಟಣದ ಇಂಜಿನಿಯರು ಹೆನ್ರಿ ಡಾರ್ಸಿ. ತನ್ನ ಊರಿಗೆ ಊಟೆಯ ನೀರನ್ನು ತಂದುಕೊಟ್ಟ ಪುಣ್ಯಾತ್ಮ. ಅಲ್ಲಿಯ ಆಸ್ಪತ್ರೆಯ ಅಂಗಳದಲ್ಲಿ ಕಬ್ಬಿಣದ ಕೊಳವೆ ನಿಲ್ಲಿಸಿ, ಮರಳು ತುಂಬಿ, ನೀರು ಹಾಯಿಸಿ, ೧೮೫೬ರಲ್ಲಿ ತನ್ನ ಸೂತ್ರವನ್ನು ಪ್ರಕಟಿಸಿದ: ಒತ್ತಡ ಹೆಚ್ಚಿದಷ್ಟೂ ಜಿನುಗು ಹೆಚ್ಚು, ಮರಳಿನ ದಾರಿ ಉದ್ದವಾದಷ್ಟೂ ಕಡಿಮೆ. ಈ ಜಿನುಗು ಎಷ್ಟು ನಿಧಾನವೆಂದರೆ, ಹೊಳೆಯ ನೀರು ಒಂದು ಗಂಟೆಯಲ್ಲಿ ಸಾಗುವ ದೂರಕ್ಕೆ ಅಂತರ್ಜಲಕ್ಕೆ ವರ್ಷಗಳು ಬೇಕಾಗಬಹುದು. ಈ ನಿಧಾನವೇ ನಮ್ಮ ಭಾಗ್ಯ. ಆಷಾಢದ ಮಳೆ ಒಮ್ಮೆಗೇ ಓಡಿಹೋಗದೆ, ತುಂಗೆಯ ದಂಡೆಯ ಗುಡ್ಡಗಳೊಳಗೆ ತಡೆದು ನಿಂತು, ಚೈತ್ರದಲ್ಲಿ ಹನಿಹನಿಯಾಗಿ ಹೊಳೆಗಿಳಿಯುತ್ತದೆ. ಶೃಂಗೇರಿಯ ಮೀನುಗಳು ಈಜುತ್ತಿರುವುದು ಹಳೆಯ ಮಳೆಯಲ್ಲಿ.

ಸೂತ್ರ ತಿಳಿಯದಿದ್ದರೂ ನಮ್ಮ ನಾಡಿನವರು ಈ ನೀರನ್ನು ಬಳಸಿಕೊಂಡಿದ್ದರು. ಬೀದರಿನಲ್ಲಿ ಮುರಕಲ್ಲಿನ ಪದರ ಮಳೆ ಹೀರುತ್ತದೆ, ಅದರಡಿಯ ಕರಿಕಲ್ಲು ನೀರನ್ನು ತಡೆಯುತ್ತದೆ. ಇವೆರಡು ಕೂಡುವ ಮಟ್ಟದಲ್ಲಿ ಬಹಮನಿಗಳ ಕಾಲದವರು ಪಾರಸಿ ದೇಶದ ರೀತಿಯಲ್ಲಿ ಕೊರೆಸಿದ ಸುರಂಗ ಬಾವಿ ನೌಬಾದಿನಲ್ಲಿ ಇಂದಿಗೂ ಇದೆ. ಪಾವಗಡ, ಮಧುಗಿರಿ, ಸಿರಾಗಳ ಕಡೆ ‘ತಲಪರಿಗೆ’ ಎಂಬುದಿದೆ: ಮರಳುನೆಲದಲ್ಲಿ ಸ್ವಲ್ಪ ಆಳಕ್ಕೆ ತೋಡಿದರೆ ಊಟೆ ಎದ್ದು, ಕಾಲುವೆಯಲ್ಲಿ ತಾನಾಗಿ ಗದ್ದೆಗೆ ಹರಿಯುತ್ತಿತ್ತು. ರೈಸ್ ಸಾಹೇಬರು ಹತ್ತೊಂಬತ್ತನೆಯ ಶತಮಾನದ ಮೈಸೂರು ಗ್ಯಾಸೆಟಿಯರಿನಲ್ಲಿ ಇದನ್ನು ವಿಶೇಷವಾಗಿ ಗುರುತಿಸಿದ್ದಾರೆ. ಕೆರೆಗಳ ವಿಷಯವಂತೂ ಹೇಳಲೇಬೇಕಾಗಿಲ್ಲ. ಮೈಸೂರು ಸೀಮೆಯಲ್ಲಿ ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟವೆಂಬ ಮಾತು ೧೮೬೬ರಷ್ಟು ಹಿಂದೆಯೇ ಮುಖ್ಯ ಇಂಜಿನಿಯರು ಸ್ಯಾಂಕಿಯ ಬಾಯಲ್ಲಿ ಬಂದಿತ್ತು. ಕೆರೆ ತುಂಬಿದರೆ ಕೆಳಗಿನ ಬಾವಿಗಳು ತುಂಬುತ್ತವೆಂದು ಹಳ್ಳಿಯ ಮಕ್ಕಳಿಗೂ ಗೊತ್ತಿತ್ತು.

ಮಕ್ಕಳಿಗೆ ಗೊತ್ತಿದ್ದದ್ದು ನ್ಯಾಯಾಲಯಕ್ಕೆ ಗೊತ್ತಿರಲಿಲ್ಲ. ೧೮೪೩ರಲ್ಲಿ ಇಂಗ್ಲೆಂಡಿನ ಹತ್ತಿಗಿರಣಿಯೊಂದರ ಮಾಲೀಕನ ಬಾವಿ, ನೆರೆಯ ಕಲ್ಲಿದ್ದಲ ಗಣಿಯಿಂದಾಗಿ ಬತ್ತಿತು. ಆಕ್ಟನ್ ವಿರುದ್ಧ ಬ್ಲಂಡೆಲ್ ಎಂಬ ಮೊಕದ್ದಮೆ. ಹೊಳೆ ಎಲ್ಲರ ಕಣ್ಣಿಗೆ ಕಾಣುತ್ತದೆ, ನೆಲದೊಳಗಿನ ನೀರು ಹೇಗೆ ಚಲಿಸುತ್ತದೋ ಯಾರೂ ಬಲ್ಲವರಿಲ್ಲ, ಆದ್ದರಿಂದ ತನ್ನ ನೆಲದಡಿಯ ನೀರನ್ನು ಯಾರೂ ಬೇಕಾದಂತೆ ತೆಗೆದುಕೊಳ್ಳಬಹುದು ಎಂಬ ತೀರ್ಪಾಯಿತು. ಡಾರ್ಸಿಯ ಸೂತ್ರ ಬರುವುದಕ್ಕೆ ಇನ್ನೂ ಹದಿಮೂರು ವರ್ಷವಿತ್ತು, ನ್ಯಾಯಾಧೀಶರನ್ನು ದೂಷಿಸುವಂತಿಲ್ಲ. ಆದರೆ ಸೂತ್ರ ಬಂದು ಇಪ್ಪತ್ತಾರು ವರ್ಷದ ಮೇಲೆ, ೧೮೮೨ರ ಇಂಡಿಯನ್ ಈಸ್‌ಮೆಂಟ್ಸ್ ಆಕ್ಟಿನಲ್ಲಿ, ಅದೇ ತತ್ತ್ವ ನಮ್ಮ ದೇಶಕ್ಕೆ ಬಂದಿತು. ಹೊಳೆಯ ನೀರಿಗೊಂದು ನ್ಯಾಯ, ಅದಕ್ಕೆ ಉಣಿಸುವ ನೆಲದ ನೀರಿಗೆ ಇನ್ನೊಂದು. ಕಪಿಲೆ, ಏತಗಳ ಕಾಲದಲ್ಲಿ ಇದರಿಂದ ಕೇಡಾಗಲಿಲ್ಲ. ಜೋಡಿ ಎತ್ತು ಎಳೆದೆಳೆದು ಎಷ್ಟು ನೀರು ಎತ್ತೀತು?

ಕೇಡು ಕಂಡದ್ದು ಅರ್ಕಾವತಿಯಲ್ಲಿ. ಈ ಹೊಳೆ ನಂದಿಬೆಟ್ಟದಲ್ಲಿ ಹುಟ್ಟುತ್ತದೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಹೆಸರಘಟ್ಟದ ಕೆರೆಯನ್ನು ಬಲಪಡಿಸಿ ೧೮೯೬ರಲ್ಲಿ ಬೆಂಗಳೂರಿಗೆ ಕೊಳಾಯಿ ನೀರು ಕೊಟ್ಟರು. ಅದು ಸಾಲದಾದಾಗ ೧೯೩೩ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ ಬಂತು. ನಾನು ಹುಡುಗನಾಗಿದ್ದಾಗ, ಆ ಸೀಮೆಯ ಹೆಂಗಸರು ಬೇಸಗೆಯಲ್ಲಿ ಹೊಳೆಯ ಮರಳನ್ನು ಕೈಯಿಂದ ಬಗೆದು, ಚಿಲುಮೆ ಮಾಡಿ, ಕರಟದಲ್ಲಿ ತಿಳಿನೀರು ತುಂಬಿಕೊಳ್ಳುತ್ತಿದ್ದದ್ದನ್ನು ಕಂಡಿದ್ದೇನೆ. ಮೊಳಕೈ ಮುಳುಗುವಷ್ಟು ಬಗೆದರೆ ಸಾಕಾಗಿತ್ತು.

ವಿದ್ಯುತ್ ಪಂಪು ಬಂದವು. ೧೯೬೬–೬೭ರ ಬಿಹಾರದ ಕ್ಷಾಮದ ಹೊತ್ತಿಗೆ ಗಟ್ಟಿ ಕಲ್ಲನ್ನು ಕೊರೆಯುವ ಯಂತ್ರಗಳು ದೇಶಕ್ಕೆ ಬಂದವು. ಕುಡಿಯುವ ನೀರಿಗೆಂದು ಬಂದದ್ದು ಹೊಲಕ್ಕೂ ಬಂತು. ಬೆಂಗಳೂರು, ಕೋಲಾರಗಳ ಸೀಮೆಯಲ್ಲಿ ತೆರೆದ ಬಾವಿಗಳು ಬತ್ತಿದವು. ಕೊಳವೆ ಬಾವಿಗಳು ನೂರಿನ್ನೂರು ಅಡಿಗಳಿಂದ ಸಾವಿರ ಅಡಿ ಮೀರಿ ಇಳಿದವು. ಜೊತೆಗೆ ನೀಲಗಿರಿಯ ತೋಪುಗಳು. ಆ ಮರವನ್ನು ಟಿಪ್ಪುವಿನ ಕಾಲದಲ್ಲಿ ಮೊದಲು ನೆಟ್ಟದ್ದು ಇದೇ ನಂದಿಬೆಟ್ಟದ ಮೇಲೆಂದು ಅರಣ್ಯಶಾಸ್ತ್ರದ ಪುಸ್ತಕಗಳಲ್ಲಿ ಬರೆದಿದೆ. ಅದರ ಆಳದ ಬೇರುಗಳು ತಳಕ್ಕೆ ಇಳಿಯಬೇಕಾದ ಹೆಚ್ಚುವರಿಯನ್ನೇ ಕುಡಿದುಬಿಡುತ್ತವೆ. ೨೦೧೭ರಲ್ಲಿ ಸರಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಅಂತರ್ಜಲಕ್ಕೆಂದೇ ೨೦೧೧ರಲ್ಲಿ ಕಾಯಿದೆ ಮಾಡಿತ್ತು. ಅಷ್ಟರಲ್ಲಿ ಹೊಳೆ ಮುಗಿದಿತ್ತು.

ಅರ್ಕಾವತಿ ಏಕೆ ಬತ್ತಿತೆಂದು ಈಚೆಗೆ ಶೋಧನೆ ನಡೆಸಿದವರು ಮೊದಲು ಮಳೆಯ ದಾಖಲೆಗಳನ್ನು ನೋಡಿದರು. ಮಳೆ ಕಡಿಮೆಯಾಗಿಲ್ಲ. ಪೆರೋವಿನ ಜಮೆ ಹಾಗೆಯೇ ಇದೆ. ಆದರೆ ನೆಲದ ನೀರಿನ ಮಟ್ಟ ಹೊಳೆಯ ಪಾತ್ರದಿಂದ ನೂರಾರು ಅಡಿ ಕೆಳಗಿಳಿದಾಗ ನೆಲ ಹೊಳೆಗೆ ಉಣಿಸುವುದಿಲ್ಲ. ಹೊಳೆಯೇ ನೆಲದೊಳಕ್ಕೆ ಇಂಗಿಹೋಗುತ್ತದೆ. ತಿಪ್ಪಗೊಂಡನಹಳ್ಳಿಯಿಂದ ನಗರಕ್ಕೆ ನೀರು ಬರುವುದು ೨೦೧೦ರ ದಶಕದ ಹೊತ್ತಿಗೆ ನಿಂತುಹೋಯಿತು. ೨೦೨೨ರ ಅತಿವೃಷ್ಟಿಯಲ್ಲಿ ಹೆಸರಘಟ್ಟ ಬಹುಕಾಲದ ಮೇಲೆ ತುಂಬಿದಾಗ ಜನ ಕುಟುಂಬಸಮೇತ ನೋಡಲು ಹೋದರು.

ಇಷ್ಟಾದರೂ ಕನಕಪುರದ ಹತ್ತಿರ ನಡುಬೇಸಗೆಯಲ್ಲಿ ನಿಂತು ನೋಡಿದರೆ ಅರ್ಕಾವತಿಯಲ್ಲಿ ನೀರು ಹರಿಯುತ್ತಿರುವುದು ಕಾಣುತ್ತದೆ. ೧೯೭೪ರಿಂದ ಬೆಂಗಳೂರು ಸುಮಾರು ನೂರು ಕಿಲೋಮೀಟರು ದೂರದಿಂದ ಕಾವೇರಿಯನ್ನು ಪಂಪುಗಳಿಂದ ಮೇಲೆತ್ತಿ ತರಿಸಿಕೊಳ್ಳುತ್ತಿದೆ. ಮನೆಮನೆಯ ಬಚ್ಚಲನ್ನು ದಾಟಿದ ಆ ನೀರು ವೃಷಭಾವತಿಗೆ ಬಿದ್ದು, ಅಲ್ಲಿಂದ ಅರ್ಕಾವತಿಗೆ ಸೇರಿ, ಸಂಗಮದಲ್ಲಿ ಮತ್ತೆ ಕಾವೇರಿಯನ್ನು ಕೂಡುತ್ತದೆ. ಅದರ ಬಣ್ಣ ಕಪ್ಪು, ಮೇಲೆ ನೊರೆ. ಚಿಲುಮೆ ಬಗೆಯುವುದಕ್ಕೆ ಅಲ್ಲಿ ಈಗ ಮರಳೂ ಇಲ್ಲ.